ಒಂದೇ ಡಬ್ಬಿ ಮದ್ದು

ತುರ್ವಿಹಾಳದ ಒಂದು ಪಡಸಾಲೆ. ಮಾತಾಡುವವರು ಮೂವರು: ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು, ಟೆಕ್ಸಾಸಿನಿಂದ ರಜೆಗೆ ಬಂದಿರುವ ಅವರ ಅಣ್ಣನ ಮಗ, ಹಟ್ಟಿ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಸುವ ಕೆಲಸ ಮಾಡಿ ಊರಿಗೆ ಮರಳಿದ ನೆರೆಮನೆಯವರು.

ಮಾಸ್ತರರು: ಬಂದಾಗಿಂದ ನೋಡಾಕತ್ತೀನಿ, ಫೋನಿನಾಗ ಬರೇ ಡಬ್ಬಿ ಚಿತ್ರಾನ ತಿರುವತೀಯಲ್ಲೋ. ಹೊಲಕ್ಕ ಹೊಡಿಯೋ ಔಷಧೇನು?

ಟೆಕ್ಸಾಸಿನವ: ಅಲ್ಲ ಕಾಕಾ, ಬಂದೂಕಿನ ಮದ್ದು. ಅಲ್ಲಿ ನಾನು ಗುರಿ ಹೊಡಿಯಾಕ ಹೋಗ್ತೀನಲ್ಲ, ಹಾರಿದ ತೋಟೆಯ ಹಿತ್ತಾಳಿ ಒಗಿಯಂಗಿಲ್ಲ. ತೊಳದು, ಅಳತಿಗೆ ತಂದು, ಉರಿ ಹತ್ತಿಸೋ ಹೊಸ ಪ್ರೈಮರ್ ಕೂಡ್ರಿಸಿ, ಮದ್ದು ಹಾಕಿ, ಗುಂಡು ಒತ್ತಿ ಮತ್ತ ತಯಾರು ಮಾಡ್ತೀನಿ. ನನ್ನ ಹತ್ರ ಒಂದು 9 ಎಂಎಂ ಪಿಸ್ತೂಲು, ಒಂದು .45, ಆಮ್ಯಾಲ ಒಂದು ರಿವಾಲ್ವರ್ ಐತಿ. ಆ ರಿವಾಲ್ವರಿನಾಗ .38 ಸ್ಪೆಷಲ್ಲೂ ನಡೀತೈತಿ, .357 ಮ್ಯಾಗ್ನಮ್ಮೂ ನಡೀತೈತಿ. ಅಲ್ಲಿಗೆ ಬಂದೂಕು ಮೂರು, ತೋಟೆ ನಾಕು ಥರ. ಇವೆಲ್ಲಕ್ಕೂ ಒಂದೇ ಮದ್ದು ಸಾಕಾಗ್ತೈತೇನು ಅಂತ ತಲಿ ಕೆಡಿಸಿಕೊಂಡೀನಿ.

ಮಾಸ್ತರರು: ಇಲ್ಲಿ ಇದ್ದು ಈ ಪ್ರಶ್ನೆ ಕೇಳಿದ್ದರ ಮದ್ದಿಗಿಂತ ಮೊದಲು ವಕೀಲರನ್ನ ಹುಡುಕಬೇಕಾಗಿತ್ತು. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರು ಮಾಡೋದು ಅಪರಾಧ. 2019ರ ತಿದ್ದುಪಡಿ ಬಂದಮ್ಯಾಲ ಅದಕ್ಕ ಕಡಿಮಿ ಅಂದ್ರ ಏಳು ವರ್ಷ, ಹೆಚ್ಚಂದ್ರ ಜೀವಾವಧಿ. ನಿನ್ನ ಆ 9 ಎಂಎಂ ಅಂತೂ ಇಲ್ಲಿ ಸಾಮಾನ್ಯ ಜನ ಇಟಗೊಳ್ಳೋ ಹಂಗೇ ಇಲ್ಲ, ಅದು ನಿಷಿದ್ಧ ಬೋರು, ಅಂದ್ರ ನಿಷೇಧ ಇರೋ ನಳಿಗಿ ಅಳತಿ.

ಟೆಕ್ಸಾಸಿನವ: ಗೊತ್ತೈತಿ. ಇಲ್ಲಿ ಒಂದು ಕಾಳು ಮದ್ದೂ ತಂದಿಲ್ಲ. ಅಲ್ಲಿ ಸ್ವಂತಕ್ಕ ತುಂಬಿಕೊಂಡ್ರ ಯಾರೂ ಕೇಳಂಗಿಲ್ಲ, ಮಾರಾಕ ಹೊಂಟ್ರ ಮಾತ್ರ ಲೈಸೆನ್ಸ್ ಬೇಕು.

ಹಟ್ಟಿಯವರು: ನಮ್ಮ ಕೊಡಗಿನವರಿಗೆ ಲೈಸೆನ್ಸೇ ಬ್ಯಾಡಂತಲ್ಲ?

ಮಾಸ್ತರರು: ಅದು ಕೋವಿ ಇಟಗೊಳ್ಳಾಕ ಇರೋ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಾಗ ಕೇಂದ್ರ ಸರಕಾರ ಅದನ್ನ 2029ರ ತನಕ ಮುಂದುವರಿಸೈತಿ. ಅದರ ಮಾತು ಬಿಡು. ಈಗ ನೀನು ಹೇಳೋ, ಒಂದೇ ಮದ್ದು ಯಾಕ ಬೇಕು? ನಾಕು ತೋಟೆ ಅದಾವ ಅಂದ್ರ ನಾಕು ಡಬ್ಬಿ ಇಟಗೋ. ರೊಕ್ಕಕ್ಕೇನು ಕಡಿಮಿ?

ಟೆಕ್ಸಾಸಿನವ: ರೊಕ್ಕ ಕೊಟ್ರೂ ಸಿಗಬೇಕಲ್ಲ! 2020ರ ಆಮ್ಯಾಲ ಅಮೆರಿಕಾದಾಗ ಮದ್ದೂ ಇಲ್ಲ, ಪ್ರೈಮರೂ ಇಲ್ಲ ಅನ್ನೋ ಪರಿಸ್ಥಿತಿ ಆಗಿತ್ತು. ಅಂಗಡಿ ಕಪಾಟೆಲ್ಲ ಖಾಲಿ. ಆವಾಗ ಸಿಕ್ಕಿದ್ದು ತಗೊಂಡು ಮೂರು ಥರದ್ದು ಸೇರ್ಯಾವ. ಒಂದಕ್ಕ ಹೊಂದೋದು ಇನ್ನೊಂದಕ್ಕ ಹೊಂದವಲ್ಲದು.

ಹಟ್ಟಿಯವರು: ಮೊದಲು ಒಂದು ಮಾತು ಬಿಡಿಸಿ ಹೇಳ್ರಿ. ನಾವು ಗಣಿಯಾಗ ಬಳಸಿದ್ದೂ ಸಿಡಿಮದ್ದು, ನಿಮ್ಮದೂ ಮದ್ದು. ಎರಡೂ ಒಂದೇ ಜಾತಿ ಏನು? ನಮ್ಮದು ಬಂಡೆ ಒಳಗ ಕುಂತು ಒಂದು ಕ್ಷಣಕ್ಕ ಎಲ್ಲಾನೂ ಛಿದ್ರ ಮಾಡ್ತೈತಿ. ಅದನ್ನೇನರೆ ಕೋವಿ ನಳಿಗ್ಯಾಗ ಇಟ್ರ ಗುಂಡು ಹೋಗೋದಕಿಂತ ಮೊದಲು ನಳಿಗೀನ ಹೋಗ್ತೈತಿ.

ಟೆಕ್ಸಾಸಿನವ: ಅದಕ್ಕ ಕಾಕಾ, ಬಂದೂಕಿನ ಮದ್ದು ಸಿಡಿಯಬಾರ್ದು, ಉರೀಬೇಕು. ಉರದು ಅನಿಲ ಆಗಿ ಗುಂಡನ್ನ ಹಿಂದಿನಿಂದ ದೂಡಬೇಕು. ಎಷ್ಟು ಲಗೂ ಉರೀತೈತಿ ಅನ್ನೋದರ ಮ್ಯಾಲೆ ಎಲ್ಲಾ ನಿಂತೈತಿ.

ಹಟ್ಟಿಯವರು: ಹಂಗಂದ್ರ ಜೋಳದ ರವದಿ ಬೇರೆ, ಜಾಲಿ ಕಟಿಗಿ ಬೇರೆ. ರವದಿ ಭುಗ್ ಅಂತ ಎದ್ದು ಮುಗೀತೈತಿ, ಜಾಲಿ ಸಾವಕಾಶ ಕಾವು ಕೊಡ್ತೈತಿ.

ಟೆಕ್ಸಾಸಿನವ: ಅಷ್ಟೇ. ನಳಿಗಿ ಗಿಡ್ಡ ಇದ್ರ, ಗುಂಡು ಹಗುರ ಇದ್ರ ಲಗೂ ಉರಿಯೋದು ಬೇಕು. ಗುಂಡು ಭಾರ, ತೋಟೆ ದೊಡ್ಡದು, ವೇಗಾನೂ ಜಾಸ್ತಿ ಬೇಕು ಅಂದ್ರ ತಡಾ ಮಾಡಿ ಉರಿಯೋದು ಬೇಕು. .357 ಮ್ಯಾಗ್ನಂ ಇಂಥದ್ದು. ಅದಕ್ಕ ಲಗೂ ಉರಿಯೋ ಮದ್ದು ಹಾಕಿ ಪೂರಾ ಜೋರು ತೆಗೀತೀನಿ ಅಂದ್ರ, ಗುಂಡು ದೂರ ಸರಿಯೋದಕ ಮೊದಲೇ ಒತ್ತಡ ಶಿಖರಕ್ಕ ಏರಿಬಿಡ್ತೈತಿ.

ಮಾಸ್ತರರು: ಈ ತಕರಾರು ನೀನು ಹೊಸದಾಗಿ ಹುಟ್ಟಿಸಿದ್ದಲ್ಲ. ಬಿಜಾಪುರಕ್ಕ ಹೋಗಿ ನೋಡು. ಮಲಿಕ್-ಎ-ಮೈದಾನ್ ತೋಪು 1549ರಾಗ ಅಹಮದ್‌ನಗರದಾಗ ಎರಕ ಹೊಯ್ದದ್ದು. ಮಹಮ್ಮದ್ ಬಿನ್ ಹುಸೇನ್ ರೂಮಿ ಅನ್ನೋನ ಕೆಲಸ. ತೂಕ ಸುಮಾರು 55 ಟನ್. ಉದ್ದ ನೋಡಿದ್ರ ಬರೇ 14 ಅಡಿ ಚಿಲ್ಲರೆ, ಒಳಗಿನ ಬಾಯಿ ಎರಡಡಿಗೂ ಮ್ಯಾಲ ಅಗಲ. ಮನುಷ್ಯಾ ತೆವಳಿಕೊಂಡು ಒಳಗ ಹೋಗಬಹುದು. ಅಲ್ಲೇ ಉಪ್ಪಲಿ ಬುರುಜಿನ ಮ್ಯಾಲ ಇನ್ನೊಂದು ಐತಿ, ಲಂಬಾ ಛಡಿ. 30 ಅಡಿಗೂ ಉದ್ದ, ಬಾಯಿ ಮಾತ್ರ ಒಂದಡಿ. ಮೊದಲನೇದು ಕಂಚಿನ ಎರಕ. ಎರಡನೇದು ಕಬ್ಬಿಣದ ಪಟ್ಟಿ ಜೋಡಿಸಿ, ಮ್ಯಾಲ ಬಳೆ ಹಾಕಿ ಬಡದು ಕೂಡಿಸಿದ್ದು. ಒಂದು ಗಿಡ್ಡ ದಪ್ಪ, ಒಂದು ಉದ್ದ ಸಣ್ಣ. ಎರಡಕ್ಕೂ ಹಾಕತಿದ್ದದ್ದು ಒಂದೇ ಬೆರಕಿ: ಪೆಟ್ಲುಪ್ಪು, ಗಂಧಕ, ಇದ್ದಿಲು. ಆಗ ಬೇರೆ ಮದ್ದು ಎಲ್ಲಿತ್ತು?

ಟೆಕ್ಸಾಸಿನವ: ಬಳೆ ಬಡದು ಕೂಡಿಸಿದ್ದಕ್ಕ ಜೋರು ಮದ್ದು ಹಾಕಿದ್ರ ಬಿಚ್ಚಿಕೋತಿರಬೇಕಲ್ಲ?

ಮಾಸ್ತರರು: ಬಿಚ್ಚಿಕೋತಿದ್ದವು. ಸ್ಕಾಟ್ಲೆಂಡಿನ ರಾಜ ಎರಡನೇ ಜೇಮ್ಸ್ 1460ರಾಗ ತನ್ನ ತೋಪಿನ ಬಾಜೂಕೇ ನಿಂತಿದ್ದ, ಅದು ಒಡದು ಸತ್ತ. ತೋಪಿನವರು ಕಲ್ತದ್ದು ಎರಡು ಉಪಾಯ. ಒಂದು, ಅಳತಿ. ಇನ್ನೊಂದು, ಕಾಳಿನ ಗಾತ್ರ. ಮೊದಮೊದಲು ಮದ್ದು ಹಿಟ್ಟಿನಂಗ ಇತ್ತು. ಬಂಡಿಯಾಗ ಹೇರಿದ್ರ ದಾರಿ ಕುಲುಕಾಟಕ್ಕ ಭಾರದ್ದು ಕೆಳಗ, ಹಗುರದ್ದು ಮ್ಯಾಲ ಆಗಿ ಬೆರಕೀನ ಕೆಡತಿತ್ತು. ಮಳಿಗಾಲಕ್ಕ ಪಸಿ ಹಿಡಿದು ಗಟ್ಟಿ. ಆಮ್ಯಾಲ ಅದನ್ನ ಹಸಿ ಮಾಡಿ, ಒಣಗಿಸಿ, ಒಡದು, ಜರಡಿ ಹಿಡದ್ರು. ದಪ್ಪ ಕಾಳು ದೊಡ್ಡ ತೋಪಿಗೆ, ಸಣ್ಣ ಕಾಳು ಕೈ ತುಪಾಕಿಗೆ, ಪುಡಿ ಕಿವಿ ತೂತಿಗೆ. ಮದ್ದು ಒಂದೇ ಇದ್ರೂ ಜರಡಿ ಬ್ಯಾರೆ ಬ್ಯಾರೆ.

ಟೆಕ್ಸಾಸಿನವ: ಈಗಲೂ ಅದೇ ಲೆಕ್ಕ ಕಾಕಾ. 1884ರಾಗ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆ ಇಲ್ಲದ ಮದ್ದು ಕಂಡಹಿಡದ. ಮೂರು ವರ್ಷಕ್ಕ ನೊಬೆಲ್ ತನ್ನದೊಂದು ತಂದ. ಅದರಾಗ ಕಾಳಿನ ಆಕಾರಾನೇ ಸಗಳ. ಚಕ್ಕಿ, ಗುಂಡು, ಕಡ್ಡಿ, ತೂತು ಬಿದ್ದ ಕಡ್ಡಿ. ತೂತಿದ್ರ ಒಳಗಿನಿಂದಲೂ ಉರಿ ಹಬ್ಬಿ ಮೈ ಹೆಚ್ಚಾಗ್ತಾ ಹೋಗ್ತೈತಿ, ಅಂದ್ರ ಉರಿ ಸಾವಕಾಶ ಸುರುವಾಗಿ ಆಮ್ಯಾಲ ಏರ್ತೈತಿ. ಮ್ಯಾಲ ಒಂದು ಲೇಪ ಬಳದು ಇನ್ನಷ್ಟು ತಡೀತಾರ.

ಮಾಸ್ತರರು: ನಮ್ಮ ಕಡೆಗೂ ಬಂತು ಅದು. ಕೂನೂರು ಹತ್ರ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ 1903ರದು. ಊಟಿ ರೈಲಿನಾಗ ಕುಂತ್ರ ಹಾದಿಯಾಗೇ ಕಾಣತೈತಿ.

ಹಟ್ಟಿಯವರು: ಈ ಹೊಗೆ ಇಲ್ಲದ್ದನ್ನ ಹಳೇ ಕೋವಿಗೆ ಹಾಕಬಹುದೇನು? ಮಲೆನಾಡಿನಾಗ ನಮ್ಮ ಬೀಗರ ಮನ್ಯಾಗ ಒಂದು ಕೇಪಿನ ಕೋವಿ ಐತಿ. ಲೈಸೆನ್ಸ್ ಇರೋದು.

ಟೆಕ್ಸಾಸಿನವ: ಎಂದೆಂದಿಗೂ ಬ್ಯಾಡ. ಒಂದೇ ಮದ್ದು ಎಲ್ಲಾಕ್ಕೂ ಅಂತ ನಾವು ಮಾತಾಡೋದು ಈಗಿನ ಬಂದೂಕಿನ ಮಟ್ಟಿಗೆ ಮಾತ್ರ. ಕೇಪಿನ ಕೋವಿ ಕಪ್ಪು ಮದ್ದಿಗೆ ಅಂತ ಮಾಡಿದ್ದು. ಹೊಗೆ ಇಲ್ಲದ್ದು ಅಷ್ಟೇ ತೂಕಕ್ಕ ಮೂರು ಪಟ್ಟು ಜೋರು. ಹಾಕಿದವನ ಕೈ ಉಳಿಯಂಗಿಲ್ಲ.

ಹಟ್ಟಿಯವರು: ಹೇಳ್ತೀನಿ ಅವರಿಗೆ. ಹುಡುಗರು ಏನೇನೋ ಮಾಡ್ತಾರ.

ಮಾಸ್ತರರು: ಎರಡು ಹೊಳಿ ನಡುವಿನ ನಮ್ಮ ದೋಆಬಿನ ಕೋಟೆಗಳನ್ನ ನೋಡಿದ್ರ ಬೋರಿನ ಜಾತ್ರೀನೇ ಇತ್ತು. ಇಲ್ಲೇ ಲಿಂಗಸುಗೂರು ತಾಲೂಕಿನ ಮುದಗಲ್ಲು ಹಿಡಿ, ರಾಯಚೂರು ಹಿಡಿ. ಫೆರ್ನಾವ್ ನೂನಿಜ್ ಅಂತ ಪೋರ್ತುಗೀಸ ಕುದುರಿ ವ್ಯಾಪಾರಿ ಬರದಾನ: ರಾಯಚೂರು ಕೋಟೆ ಮ್ಯಾಲ 200 ದೊಡ್ಡ ತೋಪು, ಸಣ್ಣವು ಲೆಕ್ಕಕ್ಕಿಲ್ಲ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ದಾಟಿ ಬಂದು 1520ರ ಮೇ 19ಕ್ಕ ಕೃಷ್ಣದೇವರಾಯನ ಎದುರು ಸೋತಾಗ ಬಿಟ್ಟುಹೋದದ್ದು 400 ದೊಡ್ಡ ತೋಪು, 900 ತೋಪಿನ ಬಂಡಿ. ಆ ತಾರೀಖು ನೂನಿಜ್ ಹೇಳಿದ್ದಲ್ಲ ಮತ್ತ. ಅವನು 1522 ಅಂದಿದ್ದ. ಅಮಾವಾಸಿ, ಶನಿವಾರ ಎಲ್ಲಾ ಕೂಡಿಸಿ ಕಳದು ತಿದ್ದಿದವನು ರಾಬರ್ಟ್ ಸೀವೆಲ್. ನೂನಿಜನ ಬರಹ ಇಂಗ್ಲಿಷಿನಾಗ ಅಚ್ಚಾಗಿದ್ದು 1900ರಾಗ, ಸೀವೆಲ್‌ನ ಪುಸ್ತಕದಾಗ.

ಟೆಕ್ಸಾಸಿನವ: ಅಷ್ಟು ತೋಪು ಇದ್ದೂ ಸೋತದ್ದು ಯಾಕ? ಮದ್ದು ಕೆಟ್ಟಿತ್ತೇನು?

ಮಾಸ್ತರರು: ಮದ್ದಿನ ದೋಷ ಅಂತ ನಾನು ಎಲ್ಲೂ ಓದಿಲ್ಲ. ಎಲ್ಲಾ ತೋಪು ಒಂದೇ ಸಲ ಹಾರಿಸಿಬಿಟ್ರು. ವಿಜಯನಗರದ ಮುಂದಿನ ಸಾಲು ಚಿಂದಿ ಆತು, ಖರೇ. ಆದ್ರ ರಾಯ ಉಳಿದವರನ್ನ ಕರಕೊಂಡು ಮತ್ತ ನುಗ್ಗಿದ. ಆ ತೋಪಿಗೆ ಮತ್ತೊಮ್ಮೆ ಮದ್ದು ತುಂಬೋದು ಅಂದ್ರ ಏನಂತ ತಿಳಿದಿ? ನಳಿಗಿ ಆರಬೇಕು. ಒಳಗ ಕೆಂಡ ಉಳದಿದ್ರ ಒದ್ದಿ ಬಟ್ಟಿಲೇ ಒರಸಬೇಕು. ಮದ್ದು ಅಳೀಬೇಕು, ತಳಕ್ಕ ದೂಡಬೇಕು, ಗುಂಡು ಎತ್ತಬೇಕು, ಕಿವಿಗೆ ಪುಡಿ ಹಾಕಬೇಕು. ಎದುರಿಗೆ ಕುದುರಿ ಬರಾಕತ್ತಾಗ ಯಾವ ಬೋರಿಗೆ ಎಷ್ಟು ಅಳತಿ ಅಂತ ನೆನಪಿಟ್ಟು ತುಂಬೋ ಗೋಲಂದಾಜ ಎಷ್ಟು ಮಂದಿ ಸಿಗ್ತಾರ? ರಿಚರ್ಡ್ ಈಟನ್ ಅನ್ನೋ ಇತಿಹಾಸಕಾರ ಈ ಕಾಳಗದ ಮ್ಯಾಲೇ ಒಂದು ದೊಡ್ಡ ಲೇಖನ ಬರದಾನ. ತೋಪು ಹೆಚ್ಚಿದ್ದವರು ಸೋತ ಕಾಳಗ ಇದು. ರಾಯಚೂರು ಕೋಟೆಗೆ ರಾಯ ಹಾಕಿದ ಮುತ್ತಿಗ್ಯಾಗ ಕೆಲಸಕ್ಕ ಬಂದದ್ದು ಪೋರ್ತುಗೀಸ ಕ್ರಿಸ್ಟೊವಾವ್ ದೆ ಫಿಗೆರೆದೊನ ಜೋಡಿ ಬಂದಿದ್ದ ಇಪ್ಪತ್ತು ಮಂದಿ ತುಪಾಕಿಯವರು. ಗ್ವಾಡಿ ಮ್ಯಾಲ ತಲಿ ಹಾಕಿದವನನ್ನ ಒಬ್ಬೊಬ್ಬನ್ನೇ ಕೆಡವಿದ್ರು. ಅವರ ಮರೀಗೆ ಕೆಳಗಿನವರು ಹಾರಿ ಹಿಡದು ಕಲ್ಲು ಕಿತ್ತರು.

ಹಟ್ಟಿಯವರು: ನಮ್ಮ ಕೆಲಸಾನೂ ಕಲ್ಲು ಕೀಳೋದೇ ಆಗಿತ್ತು. ಹಾರಿಗೆ ಬೆಲಿ ಐತಿ ನೋಡ್ರಿ.

ಮಾಸ್ತರರು: ಮದ್ದಿನ ಪೂರೈಕೀನೂ ಆಗಿನ ರಾಜಕಾರಣದಾಗ ಐತಿ. 1547ರಾಗ ವಿಜಯನಗರ ಗೋವಾದ ಪೋರ್ತುಗೀಸರ ಜೋಡಿ ಒಪ್ಪಂದ ಮಾಡಿಕೊಂಡಾಗ ಕುದುರಿಯ ಜೋಡಿ ಪೆಟ್ಲುಪ್ಪೂ ಕಬ್ಬಿಣವೂ ಆ ಕಾಗದದಾಗ ಬಂದಾವ. ನಿನ್ನ ಖಾಲಿ ಕಪಾಟಿನ ಚಿಂತಿ ಅವರಿಗೂ ಇತ್ತು. ಇರಲಿ, ನನ್ನ ಕಥಿ ಉದ್ದಾತು. ನಿನ್ನ ನಾಕು ತೋಟೆ ಬಗ್ಗೆ ಹೇಳು.

ಟೆಕ್ಸಾಸಿನವ: ಅಮೆರಿಕಾದಾಗ ಪ್ರತಿ ತೋಟೆಗೂ ಒಂದು ಒತ್ತಡದ ಮಿತಿ ಹಾಕ್ಯಾರ. .38 ಸ್ಪೆಷಲ್‌ಗೆ ಚದರ ಇಂಚಿಗೆ 17,000 ಪೌಂಡ್. .45ಕ್ಕ 21,000. 9 ಎಂಎಂಗೆ 35,000, .357ಕ್ಕೂ ಅಷ್ಟೇ 35,000.

ಮಾಸ್ತರರು: .38ಕ್ಕೂ .357ಕ್ಕೂ ಅಷ್ಟು ಫರಕು? ಎರಡೂ ಒಂದೇ ರಿವಾಲ್ವರಿನಾಗ ಹೋಗ್ತಾವ ಅಂದಿ.

ಟೆಕ್ಸಾಸಿನವ: ಅಲ್ಲೇ ಮಜಾ ಇರೋದು. .38 ಸ್ಪೆಷಲ್ 1898ರ ಸುಮಾರಿಗೆ ಹುಟ್ಟಿದ್ದು, ಕಪ್ಪು ಮದ್ದಿನ ಕಾಲದ ಕೂಸು. ಕಪ್ಪು ಮದ್ದು ತುಂಬಾಕ ಅಂತ ಉದ್ದನೆ ಹಿತ್ತಾಳಿ ಮಾಡಿದ್ರು. ಈಗಿನ ಮದ್ದು ಅದರಾಗ ತಳಕ್ಕ ಇಷ್ಟೇ ಇಷ್ಟು ಕೂಡ್ರತೈತಿ, ಮ್ಯಾಲೆಲ್ಲ ಪೊಳ್ಳು. 1902ರ 9 ಎಂಎಂ ಹಂಗಲ್ಲ, ಹೊಗೆ ಇಲ್ಲದ ಮದ್ದಿಗೇ ಅಂತ ಮಾಡಿದ್ದು. ಗಿಡ್ಡ ಹಿತ್ತಾಳಿ, ಒಳಗ ಜಾಗಾನೇ ಕಡಿಮಿ.

ಹಟ್ಟಿಯವರು: ಪೊಳ್ಳಿದ್ರ ಏನಾಗ್ತೈತಿ?

ಟೆಕ್ಸಾಸಿನವ: ಬಂದೂಕು ಕೆಳಮುಖ ಹಿಡದ್ರ ಮದ್ದು ಗುಂಡಿನ ಕಡೆ ಸರೀತೈತಿ, ಮ್ಯಾಲಮುಖ ಆದ್ರ ಪ್ರೈಮರ್ ಕಡೆ. ಉರಿ ಹತ್ತೋದರಾಗ ಫರಕಾಗಿ ವೇಗ ಏರುಪೇರಾಗ್ತೈತಿ. ಅದು ಸಣ್ಣ ಸಂಗತಿ. ದೊಡ್ಡದು ಅಂದ್ರ ಎರಡು ಸಲ ಬಿದ್ರೂ ಗೊತ್ತಾಗಂಗಿಲ್ಲ. ಮದ್ದು ಸುರಿಯೋ ಯಂತ್ರದ ಹಿಡಿಕಿ ಒಮ್ಮೆ ಎಳದಿರ್ತೀನಿ, ಯಾರೋ ಬಾಗಿಲಾಗ ಕರೀತಾರ, ವಾಪಸ್ ಬಂದು ಅದೇ ತೋಟೆಗೆ ಮತ್ತ ಎಳೀತೀನಿ ಅಂತ ಇಟಗೋರಿ. ಸಣ್ಣಗ, ಒತ್ತಾಗಿ ಕೂಡೋ ಮದ್ದಾದ್ರ ಎರಡು ಪಟ್ಟು ಬಿದ್ದದ್ದೂ ಆ ಉದ್ದನೆ ಹಿತ್ತಾಳಿ ತಳದಾಗ ಅಡಗಿ ಕುಂತಿರ್ತೈತಿ.

ಮಾಸ್ತರರು: ಅಂದ್ರ ನೀನು ಆರಿಸಬೇಕಾದ್ದು ಜೋರಿನ ಮ್ಯಾಲಲ್ಲ.

ಟೆಕ್ಸಾಸಿನವ: ಅಲ್ಲ. ಉಬ್ಬಿಕೊಂಡಿರೋ ಮದ್ದು ಬೇಕು. ನನ್ನ ಹತ್ರ ಇರೋ ಮೂರರಾಗ ಯುನೀಕ್ ಅಂತ ಒಂದೈತಿ, 1900ರ ಹೊತ್ತಿಗೆ ಬಂದದ್ದು, ಇನ್ನೂ ಮಾರ್ತಾರ. ಚಪ್ಪಟೆ ದುಂಡು ಚಕ್ಕಿ, ಅಂಗೈಯಾಗ ಹಾಕಿಕೊಂಡ್ರ ರಾಗಿ ಹೊಟ್ಟಿನಕಿಂತ ಚೂರು ದಪ್ಪ, ಬೂದುಗಪ್ಪು. ಅಷ್ಟೇ ತೂಕಕ್ಕ ಜಾಸ್ತಿ ಜಾಗ ತಿಂತೈತಿ. 9 ಎಂಎಂ ತೋಟೆಗೆ ತಪ್ಪಿ ಎರಡು ಸಲ ಬಿದ್ರ ಹೊರಗ ಚೆಲ್ಲತೈತಿ. .38ರಾಗ ಚೆಲ್ಲಂಗಿಲ್ಲ, ಆದ್ರ ಅರ್ಧ ದಾಟಿ ಏರಿದ್ದು ಟಾರ್ಚ್ ಬಿಟ್ರ ಕಾಣತೈತಿ. ಉರಿಯೋ ವೇಗಾನೂ ನಡುಮಟ್ಟ. ಮೂರು ತೋಟೆಗೂ ಪುಸ್ತಕದಾಗ ಅದರ ಅಳತಿ ಅದಾವ.

ಹಟ್ಟಿಯವರು: ಕೆಟ್ಟ ಗುಣ ಏನೂ ಇಲ್ಲೇನು?

ಟೆಕ್ಸಾಸಿನವ: ಚಕ್ಕಿ ಆದದ್ದಕ್ಕ ಯಂತ್ರದಾಗ ಸರಾಗ ಇಳಿಯಂಗಿಲ್ಲ, ಅಲ್ಲಲ್ಲಿ ತೊಡರ್ತೈತಿ. ಅಳತಿ ಕೂದಲಷ್ಟು ಹೆಚ್ಚುಕಡಿಮಿ. ಮಸಿಯೂ ಸ್ವಲ್ಪ ಜಾಸ್ತಿ. ಅದಕ್ಕ ಎದುರಾಗಿ ವಿಂಚೆಸ್ಟರ್ 231 ಅಂತ ಗುಂಡು ಕಾಳಿಂದು ಐತಿ. ನೀರಿನಂಗ ಇಳೀತೈತಿ. ಹಾಜ್ಡನ್‌ನವರು ಅದನ್ನೇ ಎಚ್‌ಪಿ-38 ಅಂತಲೂ ಮಾರ್ತಾರ. ಡಬ್ಬಿ ಎರಡು, ಮದ್ದು ಒಂದೇ. ಜನ ಯಾವುದು ಛಲೋ ಅಂತ ವಾದ ಮಾಡ್ತಾರ!

ಮಾಸ್ತರರು: ಆತು. ಅಲ್ಲಿಗೆ ಮೂರು ತೋಟೆಗೆ ಉತ್ತರ ಸಿಕ್ಕಿತು. ನಾಕನೇದು, ಆ ಮ್ಯಾಗ್ನಂ?

ಟೆಕ್ಸಾಸಿನವ: ಯುನೀಕ್ ಹಾಕಿ ಅದಕ್ಕೂ ಮೆತ್ತನೆ ತೋಟೆ ಮಾಡಬಹುದು. ಆದ್ರ ಮ್ಯಾಗ್ನಂ ಅಂತ ಇಟಗೊಂಡು ಮೆತ್ತಗ ಹೊಡಿಯೋದು... ಮನಸ್ಸು ಒಪ್ಪವಲ್ಲದು. ಪೂರಾ ಜೋರಿಗೆ ಅಂತ ಒಂದು ತಡಾ ಉರಿಯೋ ಡಬ್ಬಿ ಬೇರೆ ಇಡಬೇಕಾಗ್ತೈತಿ.

ಹಟ್ಟಿಯವರು: ತಮ್ಮಾ, ನಾನು ಮದ್ದಿನ ಕೆಲಸದಾಗ ಇದ್ದವನು. ಆ ಒಂದು ಆಸೀಗೆ ಎರಡನೇ ಡಬ್ಬಿ ಮೇಜಿನ ಮ್ಯಾಲ ಬರ್ತೈತಲ್ಲ, ಅದು ನನಗ ಸರಿ ಕಾಣವಲ್ಲದು. ಇಷ್ಟೊತ್ತು ನೀನು ಹೇಳಿದ್ದರಾಗ ಬಂದೂಕಿನ ಕಡೆಯಿಂದ ಒಂದೇ ಮದ್ದಿಗೆ ಕಾರಣಾನ ಕೇಳ್ಲಿಲ್ಲ ನಾನು. ಬಂದೂಕಿಗೆ ನಾಕು ಇದ್ರೂ ಅಡ್ಡಿ ಇಲ್ಲ. ತೊಂದ್ರಿ ಇರೋದು ಕೈಗೆ. ಯಂತ್ರದಾಗ ಮಿಕ್ಕಿದ ಮದ್ದು ಡಬ್ಬಿಗೆ ವಾಪಸ್ ಸುರೀತೀಯಲ್ಲ, ಆವಾಗ ಎರಡು ಡಬ್ಬಿ ಇದ್ರ ಒಂದಿಲ್ಲೊಂದು ಸಲ ತಪ್ಪು ಡಬ್ಬಿಗೆ ಬೀಳ್ತೈತಿ. ಕಪ್ಪು ಕಾಳಿನಾಗ ಕಪ್ಪು ಕಾಳು ಬೆರೆತ್ರ ಬ್ರಹ್ಮ ಬಂದ್ರೂ ಆರಿಸಂಗಿಲ್ಲ.

ಮಾಸ್ತರರು: ಇದು ಖರೇ ಮಾತು. ನಾನು ಗೋಲಂದಾಜನ ಬಗ್ಗೆ ಹೇಳಿದ್ದೂ ಅದೇ. ಬಿಜಾಪುರದವರು ಬೋರು ಹೆಚ್ಚಿಸಿದ್ರು, ತುಂಬೋ ಮನುಷ್ಯಾನ ಲೆಕ್ಕ ಹಾಕ್ಲಿಲ್ಲ.

ಟೆಕ್ಸಾಸಿನವ: ಅಲ್ಲ, ಮೇಜಿನ ಮ್ಯಾಲ ಒಂದು ಸಲಕ್ಕ ಒಂದೇ ಡಬ್ಬಿ ಅನ್ನೋ ನೇಮ ನಾವೂ ಪಾಲಿಸ್ತೀವಿ. ಯಂತ್ರಕ್ಕ ಚೀಟಿ ಅಂಟಿಸ್ತೀವಿ.

ಹಟ್ಟಿಯವರು: ನೇಮ ಇರ್ತಾವ. ನಮ್ಮಲ್ಲೂ ಇದ್ವು, ಗ್ವಾಡಿ ತುಂಬ ಬರದಿದ್ರು. ದಣಿದ ದಿನ ಗ್ವಾಡಿ ಯಾರು ಓದ್ತಾರ? ಮನ್ಯಾಗ ಒಂದೇ ಡಬ್ಬಿ ಇದ್ರ ಓದೋ ಗರಜೇ ಬೀಳಂಗಿಲ್ಲ.

ಟೆಕ್ಸಾಸಿನವ: ಹಂಗಾದ್ರ ಮ್ಯಾಗ್ನಂ ತುಂಬೋದು ಬಿಟ್ಟು ಅಂಗಡಿ ತೋಟೇನ ತರಬೇಕು ಅಂತೀರಿ. ವರ್ಷಕ್ಕ ಅದನ್ನ ಹೊಡಿಯೋದೇ ಕಡಿಮಿ. ಲೆಕ್ಕ ಹಾಕಿದ್ರ ತುಟ್ಟಿಯೇನೂ ಆಗಂಗಿಲ್ಲ.

ಮಾಸ್ತರರು: ಮದ್ದು ಎಲ್ಲಿಡ್ತಿ?

ಟೆಕ್ಸಾಸಿನವ: ಗ್ಯಾರೇಜಿನಾಗ, ಕಬ್ಬಿಣದ ಪೆಟ್ಟಿಗ್ಯಾಗ, ಗಟ್ಟಿ ಬೀಗ ಹಾಕಿ.

ಹಟ್ಟಿಯವರು: ಬಾಂಬ್ ಮಾಡೀಯಲ್ಲೋ! ಬಯಲಿನಾಗ ಉರಿಯೋದನ್ನ ಕಬ್ಬಿಣದಾಗ ಬಿಗಿದು ಮುಚ್ಚಿದ್ರ ಒತ್ತಡ ಎಲ್ಲಿಗೆ ಹೋಗಬೇಕು? ನಿಮ್ಮ ದೇಶದಾಗ ಇದಕ್ಕ ನೇಮ ಇರಬೇಕಲ್ಲ?

ಟೆಕ್ಸಾಸಿನವ: ಐತಿ. 20 ಪೌಂಡಿನ ತನಕ ಕಂಪನಿ ಡಬ್ಬಿಯಾಗೇ ಇಡಬಹುದು. ಅದಕ ಮೀರಿದ್ರ ಒಂದಿಂಚು ದಪ್ಪದ ಕಟಿಗಿ ಪೆಟಿಗಿ ಬೇಕು ಅಂತ ಅಗ್ನಿ ಸುರಕ್ಷತಾ ಸಂಹಿತೆ ಹೇಳ್ತೈತಿ. ನನ್ನದು ಎಂಟು ಪೌಂಡೂ ಇಲ್ಲ, ಅದಕ್ಕ ಅಷ್ಟು ವಿಚಾರ ಮಾಡಿರಲಿಲ್ಲ.

ಹಟ್ಟಿಯವರು: ಕಟಿಗಿ ಯಾಕ ಅಂದ್ರ ಅದು ಬಿಟ್ಟುಕೊಡ್ತೈತಿ, ಹಾದಿ ಕೊಡ್ತೈತಿ. ಹೋದ ಕೂಡಲೇ ಆ ಕಬ್ಬಿಣದ್ದು ಬದಲಾಯಿಸು. ಗ್ಯಾರೇಜಿನಿಂದ ಮನಿ ಒಳಗ ತಂದಿಡು. ಅಲ್ಲಿ ಬಿಸಲು ಹೆಂಗೈತಿ?

ಟೆಕ್ಸಾಸಿನವ: ನಮ್ಮ ಸಿಂಧನೂರಿನಂಗ, 40 ದಾಟತೈತಿ. ತಗಡಿನ ಬಾಗಿಲ ಒಳಗ ಇನ್ನೂ ಜಾಸ್ತಿ. ಕಾವಿಗೆ ಈ ಮದ್ದು ಒಳಗೊಳಗೇ ಕೆಡತೈತಿ. ಕೆಟ್ಟದ್ದು ಹುಳಿ ಘಾಟು ಹೊಡೀತೈತಿ, ಡಬ್ಬಿ ಮುಚ್ಚಳ ತೆಗದ್ರ ಕೆಂಪಗ ಹೊಗೆ ಆಡ್ತೈತಿ. ನನ್ನವು ಇನ್ನೂ ಆ ಮಟ್ಟಕ್ಕ ಬಂದಿಲ್ಲ.

ಮಾಸ್ತರರು: ಯುನೀಕೊಂದೇ ಅಂತ ಠರಾವಾತು ಅಂದ್ರ ಉಳಿದ ಎರಡು ಡಬ್ಬಿ ಏನು ಮಾಡ್ತಿ?

ಟೆಕ್ಸಾಸಿನವ: ಒಂದಕ್ಕ ಕಂಪನಿ ಚೀಟಿ ನೆಟ್ಟಗೈತಿ, ಅರ್ಧ ಉಳದೈತಿ. ಗುರಿ ಹೊಡಿಯೋ ಗೆಳ್ಯಾ ಒಬ್ಬ ಅದನ್ನೇ ಬಳಸ್ತಾನ, ಅವನಿಗೆ ಕೊಡ್ತೀನಿ. ಇನ್ನೊಂದು ಖಾಲಿ ಕಾಫಿ ಡಬ್ಬಿಯಾಗೈತಿ. ಮ್ಯಾಲ ಪೆನ್ಸಿಲಿನಾಗ ಏನೋ ಬರದಿತ್ತು, ಅಳಿಸೈತಿ. ಒಬ್ಬರು ಊರು ಬಿಡುವಾಗ ಪುಕ್ಕಟೆ ಕೊಟ್ಟು ಹೋದದ್ದು.

ಹಟ್ಟಿಯವರು: ಅದು ಏನಂತ ನಿನಗ ಗೊತ್ತೈತೇನು?

ಟೆಕ್ಸಾಸಿನವ: ನೋಡಾಕ 231ರಂಗ ಕಾಣತೈತಿ.

ಹಟ್ಟಿಯವರು: ಕಾಣತೈತಿ ಅನ್ನೋದನ್ನ ತೋಟೆಗೆ ಹಾಕಬ್ಯಾಡ, ಯಾರಿಗೂ ಕೊಡಬ್ಯಾಡ. ಬಯಲಿಗೆ ಒಯ್ದು, ಒಣಹುಲ್ಲು ಇಲ್ಲದ ಕಡೆ ನೆಲದ ಮ್ಯಾಲ ಸ್ವಲ್ಪ ಸ್ವಲ್ಪನೇ ತೆಳ್ಳಗ ಹರವಿ, ದೂರ ನಿಂತು ಸುಡು. ನಿಮ್ಮ ಊರಿನ ಅಗ್ನಿಶಾಮಕದವರನ್ನ ಮೊದಲು ಕೇಳು, ಅವರೇ ತಗೊಂಡ್ರ ಇನ್ನೂ ಛಲೋ.

ಟೆಕ್ಸಾಸಿನವ: ಒಂದು ಪೌಂಡಿನ ಹತ್ರ ಐತಿ ಕಾಕಾ. ಈಗಿನ ರೇಟಿಗೆ...

ಮಾಸ್ತರರು: ರೇಟಿನ ಮಾತು ನಾಳೆ. ಊಟಕ್ಕ ಏಳ್ರಿ, ನಿಮ್ಮ ಕಾಕಿ ಆಗಲೇ ಎರಡು ಸಲ ಕರದಾಳ.